ತುಕ್ಕನ್ನು ಮುಚ್ಚಿ ಎಫ್.ಸಿ. ಪಡೆದರೆ ಲಾಭ ಯಾರಿಗೆ?

ನಮ್ಮ ಭಾಗದ ವ್ಯಾಪಾರಸ್ಥರು ಹಾಗೂ ಸಣ್ಣ ಉದ್ಯಮಿಗಳು ಹೊಸ ವಾಹನಕ್ಕಿಂತ ಹಳೆಯ ವಾಹನವನ್ನೇ ಹೆಚ್ಚಾಗಿ ಕೊಳ್ಳುತ್ತಾರೆಂಬುದು ಲೆಕ್ಕ ಪರಿಶೋಧನೆಯ ಕಾಲದಲ್ಲಿ ಕಡತಗಳನ್ನು ತೆರೆದವರಿಗೆ ಹೊಸ ಸಂಗತಿಯೇನಲ್ಲ. ಸೇಡಂನ ಬೇಳೆ ಗಿರಣಿಯವರಿಗೆ ಚೀಲ ಸಾಗಿಸಲು ಒಂದು ಪಿಕಪ್ ಬೇಕು. ಶಹಾಬಾದ, ಚಿತ್ತಾಪುರಗಳ ಫರಸಿ ಪಾಲಿಶ್ ಘಟಕದವರಿಗೆ ಕಲ್ಲು ಹೊರುವ ಗಾಡಿ ಬೇಕು. ವಾಡಿಯ ಬಿಡಿಭಾಗದ ವರ್ತಕರಿಗೆ ಕಾರ್ಖಾನೆಗಳ ನಡುವೆ ಓಡಾಡಲು ಒಂದು ಕಾರು ಬೇಕು. ಚಿಂಚೋಳಿಯವರಿಗಂತೂ ಕಲಬುರಗಿಗೆ ಹೋಗಿ ಬರುವುದೆಂದರೆ ಒಂದು ದಿನದ ಕೆಲಸ. ಬಂಡವಾಳ ಅಲ್ಪ, ಅವಶ್ಯಕತೆ ತುರ್ತು. ಹೀಗಾಗಿ ಏಳೆಂಟು ಅಥವಾ ಒಂಬತ್ತು ವರ್ಷ ಓಡಿದ ವಾಹನವನ್ನು ದಲ್ಲಾಳಿಯ ಮೂಲಕ ಕೊಳ್ಳುವುದು ರೂಢಿಯಾಗಿದೆ. ಇದರಲ್ಲಿ ತಪ್ಪೇನೂ ಇಲ್ಲ. ಕೊಂಡ ಮೇಲೆ ನಾವು ಮಾಡುವ ಮೊದಲ ಕೆಲಸದ ಬಗೆಗೆ ಮಾತ್ರ ನನ್ನ ತಕರಾರಿದೆ.

ಆ ಮೊದಲ ಕೆಲಸ ಯಾವುದೆಂದು ಓದುಗರೆಲ್ಲರಿಗೂ ಗೊತ್ತಿದೆ. ಎಫ್.ಸಿ. ಅಂದರೆ ಅರ್ಹತಾ ಪ್ರಮಾಣಪತ್ರದ ಅವಧಿ ಮುಗಿಯಲು ತಿಂಗಳೊಪ್ಪತ್ತು ಉಳಿದಿರುತ್ತದೆ. ವಾಹನವನ್ನು ನೀರಿನ ರಭಸದಿಂದ ತೊಳೆಸಿ, ಕೆಳಭಾಗಕ್ಕೆಲ್ಲ ಕಪ್ಪು ಲೇಪನ ಬಳಿಸಿ, ಬಾಗಿಲುಗಳ ಅಂಚಿಗೆ ಪುಟ್ಟಿ ತುಂಬಿಸಿ, ಮೇಲೊಂದು ಕೈ ಬಣ್ಣ ಹೊಡೆಸಿ ತಪಾಸಣೆಗೆ ಒಯ್ಯುತ್ತಾರೆ. ನಮ್ಮ ಕಡೆ ಜಂಗು ಎಂದು ಕರೆಯುವ ತುಕ್ಕು ಆ ದಿನ ಯಾರ ಕಣ್ಣಿಗೂ ಬೀಳುವುದಿಲ್ಲ. ಪ್ರಮಾಣಪತ್ರ ಕೈಸೇರುತ್ತದೆ. ಖರ್ಚನ್ನು 'ವಾಹನ ದುರಸ್ತಿ' ಎಂಬ ಖಾತೆಗೆ ಬರೆದು ಮರೆಯುತ್ತಾರೆ.

ಒಂದು ಪ್ರಕರಣವನ್ನು ಹೆಸರು ಹೇಳದೆ ಇಲ್ಲಿ ಕೊಡುತ್ತೇನೆ. ಶಹಾಬಾದಿನ ಕಲ್ಲು ಪಾಲಿಶ್ ಉದ್ಯಮಿಯೊಬ್ಬರು ಡಿಸೆಂಬರ್ ತಿಂಗಳಲ್ಲಿ ಒಂಬತ್ತು ವರ್ಷ ಹಳೆಯ ಪಿಕಪ್ ವಾಹನವೊಂದನ್ನು ರೂ. 3,20,000ಕ್ಕೆ ಕೊಂಡರು. ವಾಹನ ಮಹಾರಾಷ್ಟ್ರದ ಸಮುದ್ರ ತೀರದ ಕಡೆಯಿಂದ ಬಂದದ್ದು. ಅದೇ ಬಗೆಯ ಗಟ್ಟಿ ಚಾಸಿಯ ವಾಹನಕ್ಕೆ ಇಲ್ಲಿ ರೂ. 3,60,000 ಕೇಳುತ್ತಿದ್ದರು. ನಲವತ್ತು ಸಾವಿರ ಉಳಿಯಿತೆಂಬ ಸಮಾಧಾನ ಅವರಿಗಿತ್ತು. ಮೇಲೆ ಹೇಳಿದ ಕ್ರಮದಲ್ಲಿಯೇ ಲೇಪನ ಬಳಿಸಿ ಎಫ್.ಸಿ. ಪಡೆದರು. ಮುಂದಿನ ಆಗಸ್ಟಿನಲ್ಲಿ, ಮಳೆಯ ದಿನ, ಕಲ್ಲು ತುಂಬಿಕೊಂಡು ವಾಡಿಯ ರಸ್ತೆಯಲ್ಲಿ ಹೋಗುತ್ತಿದ್ದಾಗ ಹಿಂಬದಿಯ ಸ್ಪ್ರಿಂಗನ್ನು ಚಾಸಿಗೆ ಹಿಡಿದಿಡುವ ಬ್ರಾಕೆಟ್ ಬುಡಸಹಿತ ಕಿತ್ತು ಬಂತು. ವಾಹನ ಒಂದು ಕಡೆಗೆ ಕುಸಿದು ಕಲ್ಲುಗಳು ಜಾರಿದವು. ಹಿಂದೆ ಕುಳಿತಿದ್ದ ಹಮಾಲರೊಬ್ಬರ ಕಾಲು ಮುರಿಯಿತು. ಆಸ್ಪತ್ರೆಯ ಖರ್ಚನ್ನು ಮಾಲೀಕರು ತಮ್ಮ ಕೈಯಿಂದಲೇ ಭರಿಸಿದರು. ವಾಹನದ ಹಾನಿಗೆ ವಿಮೆ ಕೇಳಿದಾಗ ಸರ್ವೇಯರರು ಕಪ್ಪು ಲೇಪನವನ್ನು ಕೆರೆದು, ಅಡಿಯಲ್ಲಿ ಪದರುಪದರಾಗಿ ಎದ್ದಿದ್ದ ತುಕ್ಕಿನ ಫೋಟೋ ತೆಗೆದುಕೊಂಡು ಹೋದರು. ಸವೆತ, ಸವಕಳಿಗಳಿಂದಾದ ಹಾನಿಯನ್ನು ಮೋಟಾರು ಪಾಲಿಸಿ ಭರಿಸುವುದಿಲ್ಲ. ಅರ್ಜಿ ತಿರಸ್ಕೃತವಾಯಿತು. ಚಾಸಿಯ ಬ್ರಾಕೆಟ್, ತಳದ ತಗಡು, ಬ್ರೇಕ್ ಪೈಪು ಇತ್ಯಾದಿಗಳಿಗೆ ಒಟ್ಟು ರೂ. 46,000 ವೆಚ್ಚವಾಯಿತು.

ಆ ಬಿಲ್ಲನ್ನು ತಂದಿಟ್ಟು, "ಸಾಹೇಬರೆ, ಇದನ್ನು ರಿಪೇರಿ ಖಾತೆಗೆ ಹಾಕಿಬಿಡಿ, ತೆರಿಗೆಯಲ್ಲಾದರೂ ಸ್ವಲ್ಪ ಉಳಿಯಲಿ" ಎಂದರು. ಹಾಕಲು ಬರುವುದಿಲ್ಲವೆಂದು ನಾನು ಹೇಳಿದಾಗ ಅವರಿಗೆ ನನ್ನ ಮೇಲೆ ಸಿಟ್ಟೇ ಬಂದಿತು. ಏಕೆ ಬರುವುದಿಲ್ಲವೆಂಬುದನ್ನು ವಿವರಿಸಲು ನೂರು ವರ್ಷದಷ್ಟು ಹಳೆಯ ಒಂದು ಹಡಗಿನ ಮೊಕದ್ದಮೆಯನ್ನು ಹೇಳಬೇಕಾಗುತ್ತದೆ.

1919ರ ಡಿಸೆಂಬರಿನಲ್ಲಿ ಸ್ಕಾಟ್‌ಲೆಂಡಿನ ಲಾ ಶಿಪ್ಪಿಂಗ್ ಕಂಪನಿ ಒಂದು ಹಳೆಯ ಹಡಗನ್ನು 97,000 ಪೌಂಡಿಗೆ ಕೊಂಡಿತು. ಹಡಗುಗಳಿಗೂ ನಮ್ಮ ಎಫ್.ಸಿ.ಯಂತೆಯೇ ನಿಯತಕಾಲಿಕ ತಪಾಸಣೆ ಇದೆ. ಈ ಹಡಗಿನ ತಪಾಸಣೆಯ ಅವಧಿ ಕೊಳ್ಳುವ ಹೊತ್ತಿಗಾಗಲೇ ಮೀರಿತ್ತು. ಆದರೆ ಸರಕು ಗೊತ್ತಾಗಿ ಹಡಗು ಹೊರಡಲು ಸಿದ್ಧವಾಗಿದ್ದುದರಿಂದ ಆ ಒಂದು ಯಾನ ಮುಗಿಸಿ ಬರಲು ಅವಕಾಶ ದೊರೆಯಿತು. ಯಾನದ ನಂತರ ತಪಾಸಣೆ ನಡೆದು, ದುರಸ್ತಿಗೆ 51,558 ಪೌಂಡು ತಗಲಿತು. ಕಂಪನಿ ಅಷ್ಟನ್ನೂ ವ್ಯಾಪಾರದ ಖರ್ಚೆಂದು ತೋರಿಸಿತು. ನ್ಯಾಯಾಲಯ ಒಪ್ಪಲಿಲ್ಲ. ಕಂಪನಿಯ ಕೈಯಲ್ಲಿ ಹಡಗು ಓಡಿದ ಅವಧಿಗೆ ಸಂಬಂಧಿಸಿದ 12,000 ಪೌಂಡನ್ನು ಮಾತ್ರ ಖರ್ಚೆಂದು ಮನ್ನಿಸಿ, ಉಳಿದದ್ದು ಬಂಡವಾಳ ವೆಚ್ಚವೆಂದಿತು. ಅದರ ತರ್ಕ ಸರಳವಾಗಿದೆ. ಹಿಂದಿನ ಮಾಲೀಕನ ಕಾಲದಲ್ಲಿ ಕೂಡಿಬಂದ ಹಾಳುಬೀಳುವಿಕೆಯನ್ನು ಸರಿಪಡಿಸುವ ಹಣವು ಕೊಂಡ ಬೆಲೆಯ ಉಳಿದ ಭಾಗವೇ ಹೊರತು ನಿಮ್ಮ ವ್ಯಾಪಾರದ ಖರ್ಚಲ್ಲ. ಹಡಗು ಸುಸ್ಥಿತಿಯಲ್ಲಿದ್ದಿದ್ದರೆ ನೀವು ಅಷ್ಟು ಹೆಚ್ಚು ಬೆಲೆ ಕೊಟ್ಟೇ ಕೊಳ್ಳಬೇಕಾಗುತ್ತಿತ್ತು. ಮುಂದೆ 1971ರಲ್ಲಿ ಓಡಿಯನ್ ಚಿತ್ರಮಂದಿರಗಳ ಪ್ರಕರಣದಲ್ಲಿ ಇಂಗ್ಲೆಂಡಿನ ಮೇಲ್ಮನವಿ ನ್ಯಾಯಾಲಯ ಬೇರೆ ಬಗೆಯ ತೀರ್ಪು ಕೊಟ್ಟಿತೆಂಬುದು ನಿಜ. ಆದರೆ ಅಲ್ಲಿ ದುಃಸ್ಥಿತಿಯ ಕಾರಣಕ್ಕೆ ಬೆಲೆ ಇಳಿದಿರಲಿಲ್ಲ, ಕಟ್ಟಡವನ್ನು ಕೊಂಡ ಕೂಡಲೇ ಹಾಗೆಯೇ ಬಳಸಲು ಬರುತ್ತಿತ್ತು. ನಮ್ಮ ಪಿಕಪ್ಪಿನ ಬೆಲೆ ಇಳಿದದ್ದೇ ತುಕ್ಕಿನಿಂದಾಗಿ.

ನಮ್ಮ ದೇಶದ ಕಾನೂನೂ ಇದಕ್ಕೆ ದೂರವಲ್ಲ. ಆದಾಯ ತೆರಿಗೆ ಕಾಯಿದೆ 1961ರ ಕಲಂ 31 ಮನ್ನಿಸುವುದು 'ಚಾಲ್ತಿ ದುರಸ್ತಿ'ಯನ್ನು ಮಾತ್ರ. ಬಲ್ಲಿಮಲ್ ನವಲ್‌ಕಿಶೋರ್ ಪ್ರಕರಣದಲ್ಲಿ 1997ರಲ್ಲಿಯೂ, ಸರವಣ ಸ್ಪಿನ್ನಿಂಗ್ ಮಿಲ್ಸ್ ಪ್ರಕರಣದಲ್ಲಿ 2007ರಲ್ಲಿಯೂ ಸುಪ್ರೀಂ ಕೋರ್ಟ್ ಈ ಪದಗಳ ವ್ಯಾಪ್ತಿಯನ್ನು ಸ್ಪಷ್ಟಪಡಿಸಿದೆ. ಇರುವ ಆಸ್ತಿಯನ್ನು ಕಾಯ್ದುಕೊಳ್ಳುವ ದುರಸ್ತಿ ಚಾಲ್ತಿ ದುರಸ್ತಿ. ಆಸ್ತಿಗೆ ಹೊಸ ಪ್ರಯೋಜನ ತರುವಂಥದ್ದು ಅಲ್ಲ. (1961ರ ಕಾಯಿದೆಯ ಬದಲು 2025ರ ಕಾಯಿದೆಯು 2026ರ ಏಪ್ರಿಲ್ 1ರಿಂದ ಅನ್ವಯಿಸುತ್ತದೆ. ಕಲಮುಗಳ ಸಂಖ್ಯೆ ಬದಲಾಗುತ್ತದೆ. ಓದುಗರಿಗೆ ಪರಿಚಿತವಾದ ಹಳೆಯ ಸಂಖ್ಯೆಗಳನ್ನೇ ನಾನು ಬಳಸುತ್ತಿದ್ದೇನೆ.) ಲೆಕ್ಕಪತ್ರ ಮಾನದಂಡ 10 ಸಹ, ಆಸ್ತಿಯನ್ನು ಬಳಕೆಗೆ ಯೋಗ್ಯ ಸ್ಥಿತಿಗೆ ತರಲು ನೇರವಾಗಿ ತಗಲುವ ವೆಚ್ಚವನ್ನು ಆಸ್ತಿಯ ಮೂಲಬೆಲೆಗೆ ಸೇರಿಸಲು ಹೇಳುತ್ತದೆ.

ಹೀಗಾಗಿ ಆ 46,000ದಲ್ಲಿ, ಎಂಟು ತಿಂಗಳ ಓಡಾಟದಿಂದ ಸವೆದ ಬ್ರೇಕ್ ಶೂ, ಬುಶ್ ಮುಂತಾದವುಗಳ ರೂ. 8,000 ಮಾತ್ರ ದುರಸ್ತಿ ಖಾತೆಗೆ ಹೋಯಿತು. ಹಳೆಯ ತುಕ್ಕಿನ ಪಾಲಾದ ರೂ. 38,000 ಆಸ್ತಿಯ ಬೆಲೆಗೆ ಸೇರಿತು. ಸ್ವಂತ ಸರಕು ಸಾಗಿಸುವ ವಾಹನಕ್ಕೆ ಸವಕಳಿ ಶೇ. 15, ಅಂದರೆ 38,000ಕ್ಕೆ ಮೊದಲ ವರ್ಷ ದೊರೆತದ್ದು ರೂ. 5,700. ವಾಹನವನ್ನು ಬಾಡಿಗೆಗೆ ಓಡಿಸುವ ವ್ಯವಹಾರದವರಾಗಿದ್ದರೆ ದರ ಶೇ. 30 ಇರುತ್ತಿತ್ತು. ಕಲಂ 44ಎಡಿ ಅಥವಾ 44ಎಇ ಅಡಿ ಅಂದಾಜು ಲಾಭ ತೋರಿಸುವವರಿಗೆ ಈ ಚರ್ಚೆಯೇ ಬೇಡ. ಅವರಿಗೆ ಎಲ್ಲ ಖರ್ಚೂ ಸವಕಳಿಯೂ ಬಂದಂತೆಯೇ ಲೆಕ್ಕ.

ಇನ್ನೂ ದೊಡ್ಡ ಪೆಟ್ಟು ಬೇರೆ ಕಡೆ ಬಿದ್ದಿತ್ತು. ಕೊಳ್ಳುವಾಗ 3,20,000ದಲ್ಲಿ 2,00,000ವನ್ನು ಬ್ಯಾಂಕಿನ ಮೂಲಕ ಕೊಟ್ಟು, ದಲ್ಲಾಳಿ ಪಟ್ಟುಹಿಡಿದನೆಂದು 1,20,000ವನ್ನು ಒಂದೇ ದಿನ ನಗದಾಗಿ ಎಣಿಸಿದ್ದರು. ಆಸ್ತಿ ಕೊಳ್ಳಲು ಒಬ್ಬ ವ್ಯಕ್ತಿಗೆ ಒಂದು ದಿನದಲ್ಲಿ ರೂ. 10,000 ಮೀರಿ ನಗದು ಕೊಟ್ಟರೆ ಆ ಮೊತ್ತ ಆಸ್ತಿಯ ಬೆಲೆಗೆ ಸೇರುವುದಿಲ್ಲವೆಂದು 2017ರ ಹಣಕಾಸು ಕಾಯಿದೆಯು ಕಲಂ 43(1)ಕ್ಕೆ ನಿಬಂಧನೆ ಸೇರಿಸಿದೆ. ಸವಕಳಿಯ ಲೆಕ್ಕಕ್ಕೆ ಈ ವಾಹನದ ಬೆಲೆ ಎರಡು ಲಕ್ಷವೇ ಆಯಿತು. ಡಿಸೆಂಬರಿನಲ್ಲಿ ಕೊಂಡು 180 ದಿನಕ್ಕಿಂತ ಕಡಿಮೆ ಬಳಸಿದ್ದರಿಂದ ಮೊದಲ ವರ್ಷ ಅರ್ಧ ದರ: 24,000ದ ಬದಲು 15,000. ಮುಂದಿನ ವರ್ಷಗಳಲ್ಲಿಯೂ ಆ 1,20,000 ಎಂದಿಗೂ ಲೆಕ್ಕಕ್ಕೆ ಬರುವುದಿಲ್ಲ. ನಲವತ್ತು ಸಾವಿರ ಉಳಿಸಿದ ಸಂತೋಷಕ್ಕೆ ತೆತ್ತದ್ದು ಇಷ್ಟು. ಹಮಾಲರ ಕಾಲಿನ ಬೆಲೆಯನ್ನು ನಾನು ಇದರಲ್ಲಿ ಹಿಡಿದಿಲ್ಲ.

ಇನ್ನು ತುಕ್ಕಿನ ವಿಷಯ. ನಾನು ಮೆಕ್ಯಾನಿಕನಲ್ಲ, ಮೆಕ್ಯಾನಿಕರ ಬಿಲ್ಲುಗಳನ್ನು ಓದುವವನು. ಆದರೂ ಮೂವತ್ತು ವರ್ಷಗಳ ಬಿಲ್ಲುಗಳು ಕೆಲವು ಸಂಗತಿಗಳನ್ನು ಕಲಿಸುತ್ತವೆ.

ನಮ್ಮ ಸೀಮೆಯ ಗಾಳಿ ಒಣಗಾಳಿ. ಇಲ್ಲಿಯೇ ಓಡಿದ ವಾಹನಕ್ಕೆ ಕರಾವಳಿಯ ವಾಹನದಷ್ಟು ಬೇಗ ತುಕ್ಕು ಹಿಡಿಯದು. ತುಕ್ಕಿಗೆ ಕಬ್ಬಿಣದ ಜತೆ ನೀರು ಮತ್ತು ಆಮ್ಲಜನಕ ಸಾಕು. ಉಪ್ಪು ಸೇರಿದರೆ ಕೆಲಸ ಚುರುಕಾಗುತ್ತದೆ. ಆದ್ದರಿಂದ ಮುಂಬೈ, ಕೊಂಕಣ, ಚೆನ್ನೈಗಳ ಕಡೆಯಿಂದ ಬಂದ ವಾಹನವನ್ನು ಎರಡು ಬಾರಿ ನೋಡಬೇಕು. ಎರಡನೆಯದು ನೆರೆಯಲ್ಲಿ ಮುಳುಗಿದ ವಾಹನ. 2015ರ ಡಿಸೆಂಬರಿನಲ್ಲಿ ಚೆನ್ನೈ ಮುಳುಗಿತು. 2020ರ ಅಕ್ಟೋಬರಿನಲ್ಲಿ ಹೈದರಾಬಾದಿಗೂ, ಅದೇ ಮಳೆಯಲ್ಲಿ ನಮ್ಮ ಕಾಗಿಣಾ, ಭೀಮಾ ದಂಡೆಯ ಊರುಗಳಿಗೂ ನೀರು ನುಗ್ಗಿತು. 2025ರ ಸೆಪ್ಟೆಂಬರಿನಲ್ಲಿ ಮತ್ತೊಮ್ಮೆ ಪ್ರವಾಹ ಬಂದಿತು. ಮುಳುಗಿದ ವಾಹನಗಳು ತೊಳೆದು, ಒಣಗಿ, ದಸರೆಯ ಹೊತ್ತಿಗೋ ದೀಪಾವಳಿಯ ಹೊತ್ತಿಗೋ ಮಾರುಕಟ್ಟೆಗೆ ಬರುತ್ತವೆ. ಸೀಟು ಸರಿಯುವ ಹಳಿಗೆ ತುಕ್ಕು, ಸ್ಟೆಪ್ನಿ ಇಡುವ ಕುಳಿಯಲ್ಲಿ ಸಣ್ಣ ಕೆಸರು, ಸೀಟ್ ಬೆಲ್ಟನ್ನು ಪೂರ್ತಿ ಎಳೆದಾಗ ಕಾಣುವ ಮಣ್ಣಿನ ಗೆರೆ, ಚಾಪೆಯಡಿಯ ವಾಸನೆ ಇವು ಅದರ ಗುರುತುಗಳು.

ಮೂರನೆಯದು ನಮ್ಮದೇ ಊರಿನ ಕೊಡುಗೆ. ವಾಡಿ, ಮಳಖೇಡ, ಸೇಡಂಗಳ ರಸ್ತೆಯಲ್ಲಿ ಓಡುವ ವಾಹನಕ್ಕೆ ಸಿಮೆಂಟು, ಸುಣ್ಣಕಲ್ಲಿನ ಧೂಳು ತಪ್ಪಿದ್ದಲ್ಲ. ಸಿಮೆಂಟಿನ ಕ್ಷಾರ ತಾನೇ ಕಬ್ಬಿಣವನ್ನು ತಿನ್ನುವುದಿಲ್ಲ. ಕಾಂಕ್ರೀಟಿನೊಳಗಿನ ಸರಳು ಉಳಿಯುವುದೇ ಆ ಕ್ಷಾರದಿಂದ. ಆದರೆ ಅದು ಬಣ್ಣವನ್ನೂ ಅಲ್ಯೂಮಿನಿಯಂ ಭಾಗಗಳನ್ನೂ ಕೆಡಿಸುತ್ತದೆ. ಚಕ್ರದ ಮೇಲ್ಗಡೆಯ ಕಮಾನಿನಲ್ಲಿ ಎರೆಮಣ್ಣಿನೊಡನೆ ಸೇರಿ ಗಟ್ಟಿ ಹೆಂಟೆಯಾಗಿ ಕೂತ ಧೂಳು ಮಳೆಗಾಲವಿಡೀ ತೇವವನ್ನು ಹಿಡಿದಿಟ್ಟುಕೊಳ್ಳುತ್ತದೆ. ಬಣ್ಣ ಹೋದ ತಗಡು, ಬಿಡದ ತೇವ. ತುಕ್ಕಿಗೆ ಇನ್ನೇನು ಬೇಕು? ಪಾಲಿಶ್ ಘಟಕಗಳಲ್ಲಿ ಕಲ್ಲಿನ ಹಾಲು ತೊಟ್ಟಿಕ್ಕುವ ಫರಸಿಗಳನ್ನು ಹಸಿಯಾಗಿಯೇ ತುಂಬುವ ಗಾಡಿಗಳ ತಳವೂ ಇದೇ ಗತಿಗೆ ಬರುತ್ತದೆ.

ತುಕ್ಕಿನಲ್ಲಿ ಮೂರು ಹಂತಗಳುಂಟು. ಮೇಲ್ಮೈಯಲ್ಲಿ ಕಂದು ಬಣ್ಣ ಮಾತ್ರ ಕಾಣುವುದು ಮೊದಲನೆಯದು, ಇದಕ್ಕೆ ಹೆದರಬೇಕಿಲ್ಲ. ಪದರು ಎದ್ದು ಹೊಪ್ಪಳಿಕೆಯಾದದ್ದು ಎರಡನೆಯದು. ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಹಲವು ಪಟ್ಟು ಜಾಗ ತೆಗೆದುಕೊಳ್ಳುವುದರಿಂದ, ಬಣ್ಣ ಉಬ್ಬಿದೆಯೆಂದರೆ ಒಳಗೆ ಎಷ್ಟೋ ದಿನದಿಂದ ಕೆಲಸ ನಡೆದಿದೆಯೆಂದು ಅರ್ಥ. ಮೂರನೆಯದು ತೂತು. ಕಾರಿನ ಹೊರ ತಗಡಿನ ದಪ್ಪ ಒಂದು ಮಿಲಿಮೀಟರಿಗಿಂತ ಕಡಿಮೆ. ತೂತಾಗಲು ಬಹಳ ವರ್ಷ ಬೇಕಾಗಿಲ್ಲ.

ಕೊಳ್ಳುವ ಮುನ್ನ ಒಂದು ಸಣ್ಣ ಅಯಸ್ಕಾಂತ, ಒಂದು ಸ್ಕ್ರೂಡ್ರೈವರ್, ಒಂದು ಟಾರ್ಚ್ ಜತೆಯಲ್ಲಿರಲಿ. ಪುಟ್ಟಿ ತುಂಬಿದ ಕಡೆ ಅಯಸ್ಕಾಂತ ಹಿಡಿಯದು. ಬಾಗಿಲ ಕೆಳ ಅಂಚು, ಜಾಕ್ ಇಡುವ ಜಾಗ, ಬ್ಯಾಟರಿಯ ತಟ್ಟೆಯಡಿ, ಚಕ್ರದ ಕಮಾನು, ಸ್ಪ್ರಿಂಗಿನ ಬ್ರಾಕೆಟ್, ಬ್ರೇಕ್ ಪೈಪು ಇವುಗಳನ್ನು ಸ್ಕ್ರೂಡ್ರೈವರಿನ ಹಿಡಿಕೆಯಿಂದ ತಟ್ಟಿ ನೋಡಬೇಕು. ಗಟ್ಟಿ ಲೋಹದ ಸದ್ದು ಬೇರೆ, ಟೊಳ್ಳು ಲೋಹದ ಸದ್ದು ಬೇರೆ. ಯಾವುದಾದರೂ ಸರ್ವಿಸ್ ಸ್ಟೇಷನ್ನಿನ ಗುಂಡಿಯ ಮೇಲೆ ಅರ್ಧ ಗಂಟೆ ನಿಲ್ಲಿಸಲು ಮಾರುವವರು ಒಪ್ಪದಿದ್ದರೆ ಮುಂಗಡವನ್ನು ಜೇಬಿನಲ್ಲಿಯೇ ಇಟ್ಟುಕೊಂಡು ಬರುವುದು ಲೇಸು. ಹೊಚ್ಚಹೊಸದಾಗಿ ಹೊಳೆಯುವ ಕಪ್ಪು ತಳವನ್ನು ಕಂಡರೆ ನನಗಂತೂ ಸಂಶಯವೇ ಮೊದಲು.

ಇದಕ್ಕೆ ಕಾನೂನಿನ ಕಾರಣವೂ ಇದೆ. ಸರಕು ಮಾರಾಟ ಕಾಯಿದೆ 1930ರ ಕಲಂ 16ರ ಪ್ರಕಾರ, ಆ ಬಗೆಯ ಸರಕಿನ ವ್ಯಾಪಾರಿಯಿಂದ ಕೊಂಡರೆ ಸರಕು ಮಾರಲರ್ಹ ಗುಣಮಟ್ಟದ್ದಾಗಿರಬೇಕೆಂಬ ಷರತ್ತು ತಾನಾಗಿಯೇ ಇರುತ್ತದೆ. ಆದರೆ ಕೊಳ್ಳುವವನು ಸರಕನ್ನು ಪರೀಕ್ಷಿಸಿದ್ದರೆ, ಅಂಥ ಪರೀಕ್ಷೆಯಲ್ಲಿ ಕಾಣಬೇಕಾಗಿದ್ದ ದೋಷಕ್ಕೆ ಆ ಷರತ್ತು ಅನ್ವಯಿಸದು. ನೋಡಿದೆ, ಆದರೆ ಬಗ್ಗಿ ನೋಡಲಿಲ್ಲ ಎಂಬ ಮಾತು ನಡೆಯುವುದು ಕಷ್ಟ. ಗ್ರಾಹಕ ಆಯೋಗದ ಬಾಗಿಲೂ ವ್ಯಾಪಾರಿಗೆ ಪೂರ್ತಿ ತೆರೆದಿಲ್ಲ. ವಾಣಿಜ್ಯ ಉದ್ದೇಶಕ್ಕೆ ಕೊಂಡವನು 2019ರ ಕಾಯಿದೆಯಂತೆ ಗ್ರಾಹಕನಲ್ಲ. ಜೀವನೋಪಾಯಕ್ಕಾಗಿ ಸ್ವಂತ ಉದ್ಯೋಗಕ್ಕೆ ಬಳಸುವವನಿಗಷ್ಟೇ ವಿನಾಯಿತಿ. ಆದುದರಿಂದ ದೋಷ ಕಂಡ ದಿನವೇ ಬೆಲೆಯಲ್ಲಿ ಕಳೆದುಕೊಳ್ಳಬೇಕು. 2025ರ ಸೆಪ್ಟೆಂಬರ್ 22ರಿಂದ ಸರಕು ಸಾಗಣೆ ವಾಹನಗಳ ಹಾಗೂ ಸಣ್ಣ ಕಾರುಗಳ ಜಿ.ಎಸ್.ಟಿ. ಶೇ. 28ರಿಂದ 18ಕ್ಕೆ ಇಳಿದಿದೆಯೆಂಬುದನ್ನೂ ಚೌಕಾಶಿಯಲ್ಲಿ ನೆನಪಿಸಬಹುದು. ಹೊಸದೇ ಅಗ್ಗವಾದ ಮೇಲೆ ಹಳೆಯದು ಹಿಂದಿನ ಬೆಲೆಯಲ್ಲಿಯೇ ಏಕೆ ನಿಲ್ಲಬೇಕು?

ತುಕ್ಕಿದ್ದ ವಾಹನವನ್ನು ತಿಳಿದೇ ಕೊಂಡಿರಿ, ತಪಾಸಣೆಗೆ ಒಂದು ತಿಂಗಳಿದೆ ಎಂದುಕೊಳ್ಳೋಣ. ಕ್ರಮ ಹೀಗಿರಲಿ. ಮೊದಲು ತೊಳೆದು ಪೂರ್ತಿ ಒಣಗಿಸಬೇಕು. ತಂತಿ ಬ್ರಶ್ಶು, ಎಮರಿ ಕಾಗದಗಳಿಂದ ಬಿಳಿ ಲೋಹ ಕಾಣುವವರೆಗೆ ಉಜ್ಜಬೇಕು. ಸಂದುಗಳಲ್ಲಿ ಉಳಿದದ್ದಕ್ಕೆ ಫಾಸ್ಫಾರಿಕ್ ಆಮ್ಲ ಆಧಾರಿತ ದ್ರಾವಣ ಹಚ್ಚಿ, ಅದರ ಡಬ್ಬಿಯ ಮೇಲೆ ಹೇಳಿದಷ್ಟು ಹೊತ್ತು ಬಿಡಬೇಕು. ನಂತರ ರೆಡ್ ಆಕ್ಸೈಡ್ ಅಥವಾ ಎಪಾಕ್ಸಿ ಪ್ರೈಮರ್, ಅದರ ಮೇಲೆ ಬಣ್ಣ, ಎಲ್ಲಕ್ಕೂ ಕೊನೆಯಲ್ಲಿ ಕಪ್ಪು ತಳಲೇಪನ. ನಾವು ಮಾಡುವುದು ಕೊನೆಯದನ್ನು ಮೊದಲು. ತುಕ್ಕಿನ ಮೇಲೆ ಬಳಿದ ಲೇಪನ ತೇವವನ್ನು ಒಳಗೇ ಕೂಡಿಹಾಕಿ, ಹೊರಗಿನಿಂದ ನೋಡಲು ಬಾರದಂತೆ ಮಾಡುತ್ತದೆ. ತೂತಾದ ತಗಡನ್ನು ಕತ್ತರಿಸಿ ಹೊಸ ತಗಡಿನ ತೇಪೆಯನ್ನು ವೆಲ್ಡ್ ಮಾಡಿಸಬೇಕು. ಪುಟ್ಟಿ ತುಂಬಿಸುವುದು ದುರಸ್ತಿಯಲ್ಲ. ವೆಲ್ಡಿಂಗಿಗೆ ಮುನ್ನ ಬ್ಯಾಟರಿಯ ತಂತಿ ಬಿಚ್ಚಿಸಿರಿ. ಚಾಸಿಯ ಮುಖ್ಯ ತೊಲೆಗಳನ್ನು ಮಾತ್ರ ರಸ್ತೆ ಬದಿಯ ಟಿಂಕರಿಂಗ್ ಅಂಗಡಿಗೆ ಒಪ್ಪಿಸದೆ ಕಂಪನಿಯ ವರ್ಕ್‌ಶಾಪಿಗೇ ಒಯ್ಯಬೇಕು. ಬ್ರೇಕ್ ಪೈಪಿಗೆ ತುಕ್ಕು ಹತ್ತಿದ್ದರೆ ಉಜ್ಜುವ ಮಾತೇ ಬೇಡ, ಬದಲಾಯಿಸಬೇಕು.

ಒಂದು ಜಾಗವನ್ನು ಮಾತ್ರ ಯಾವ ಕಾರಣಕ್ಕೂ ಉಜ್ಜಬಾರದು, ಅದು ಚಾಸಿ ನಂಬರ್ ಕೊರೆದಿರುವ ಜಾಗ. ತಪಾಸಣೆಯಲ್ಲಿ ಆ ಅಂಕಿಗಳನ್ನು ದಾಖಲೆಯೊಡನೆ ತಾಳೆ ನೋಡುತ್ತಾರೆ. ಗ್ರೈಂಡರ್ ತಗಲಿದ ಗುರುತು ಕಂಡರೆ ತುಕ್ಕಿನ ಪ್ರಶ್ನೆ ಹೋಗಿ ಕಳವಿನ ಪ್ರಶ್ನೆ ಏಳುತ್ತದೆ. ಮೃದುವಾದ ಬ್ರಶ್ಶಿನಿಂದ ಧೂಳು ತೆಗೆದು, ಸ್ವಲ್ಪ ಎಣ್ಣೆ ಸವರಿ, ಪೆನ್ಸಿಲ್ಲಿನಿಂದ ಅಚ್ಚು ತೆಗೆದು ನೋಡಿ. ಅಂಕಿ ಓದಲು ಬಾರದಷ್ಟು ತುಕ್ಕು ತಿಂದಿದ್ದರೆ ಕೊಳ್ಳುವ ಮುನ್ನವೇ, ಹಳೆಯ ಮಾಲೀಕರ ಹೆಸರಿನಲ್ಲಿರುವಾಗಲೇ, ಅವರೇ ಆರ್.ಟಿ.ಓ. ಕಚೇರಿಯಲ್ಲಿ ಅದನ್ನು ಸರಿಪಡಿಸಿಕೊಡಲಿ. ಇದನ್ನು ನಾನು ಒತ್ತಿ ಹೇಳುತ್ತೇನೆ.

ತಪಾಸಣೆಯ ನಿಯಮಗಳೂ ಈಗ ಮೊದಲಿನಂತಿಲ್ಲ. ಸಾರಿಗೆ ವಾಹನಕ್ಕೆ ಎಂಟು ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ, ಅನಂತರ ಪ್ರತಿ ವರ್ಷ ಎಫ್.ಸಿ. ಬೇಕು. ಖಾಸಗಿ ಕಾರಿನ ನೋಂದಣಿ ಹದಿನೈದು ವರ್ಷ. ಬಳಿಕ ತಪಾಸಣೆ ಮಾಡಿಸಿ ಐದೈದು ವರ್ಷಕ್ಕೆ ನವೀಕರಿಸಬೇಕು. ರೂ. 600 ಇದ್ದ ಆ ಶುಲ್ಕವನ್ನು ಕೇಂದ್ರ ಸಾರಿಗೆ ಸಚಿವಾಲಯ 2022ರ ಏಪ್ರಿಲ್ 1ರಿಂದ ರೂ. 5,000ಕ್ಕೂ, ಇಪ್ಪತ್ತು ವರ್ಷ ಮೀರಿದ ಕಾರಿಗೆ 2025ರ ಆಗಸ್ಟಿನ ಅಧಿಸೂಚನೆಯಲ್ಲಿ ರೂ. 10,000ಕ್ಕೂ ಏರಿಸಿದೆ. ಹದಿನಾಲ್ಕು ವರ್ಷದ ಕಾರನ್ನು ಅಗ್ಗವೆಂದು ಕೊಳ್ಳುವವರು ಈ ಹಣವನ್ನೂ ತುಕ್ಕಿನ ಖರ್ಚನ್ನೂ ಬೆಲೆಗೆ ಕೂಡಿಸಿ ನೋಡುವುದು ಒಳ್ಳೆಯದು. ಸ್ವಯಂಚಾಲಿತ ಪರೀಕ್ಷಾ ಕೇಂದ್ರಗಳು ಒಂದೊಂದಾಗಿ ಬರುತ್ತಿವೆ. ಅಲ್ಲಿಯ ಯಂತ್ರವನ್ನು ಒಪ್ಪಿಸುವುದು ಸುಲಭವಲ್ಲವೆಂದು ಕೆಲವರು ಅಂಜುತ್ತಾರೆ. ಅಂಜಿಕೆ ಒಳ್ಳೆಯದೇ. ಆದರೆ ಯಂತ್ರ ಬ್ರೇಕಿನ ಹಿಡಿತ, ದೀಪದ ಬೆಳಕು, ಹೊಗೆ ಇವುಗಳನ್ನು ಅಳೆಯುತ್ತದೆಯೇ ವಿನಾ ಕಪ್ಪು ಲೇಪನದಡಿಯ ಬ್ರಾಕೆಟ್ಟಿನ ದಪ್ಪವನ್ನು ಅಳೆಯುವುದಿಲ್ಲ. ಪ್ರಮಾಣಪತ್ರ ದೊರೆತ ಮಾತ್ರಕ್ಕೆ ವಾಹನ ಗಟ್ಟಿಯಾಗುವುದಿಲ್ಲ ಎಂಬುದಕ್ಕೆ ವಾಡಿ ರಸ್ತೆಯ ಘಟನೆಯೇ ಸಾಕ್ಷಿ.

ಹೆಸರು ವರ್ಗಾವಣೆಯ ಬಗೆಗೆ ಎರಡು ಮಾತು. ಮೋಟಾರು ವಾಹನ ಕಾಯಿದೆಯ ಕಲಂ 50ರಂತೆ ರಾಜ್ಯದೊಳಗೆ ಮಾರಿದವರು 14 ದಿನದಲ್ಲಿ, ಕೊಂಡವರು 30 ದಿನದಲ್ಲಿ ವರದಿ ಮಾಡಬೇಕು. ತಾಂಡೂರು, ಸೊಲ್ಲಾಪುರಗಳ ಕಡೆಯಿಂದ ತಂದ ವಾಹನಕ್ಕೆ ನಿರಾಕ್ಷೇಪಣಾ ಪತ್ರವೂ ಬೇಕು, ನಮ್ಮ ರಾಜ್ಯದ ತೆರಿಗೆಯನ್ನೂ ಲೆಕ್ಕ ಹಾಕಬೇಕು. ದಾಖಲೆಯಲ್ಲಿ ಹೆಸರಿರುವವನೇ ಅಪಘಾತದ ಪರಿಹಾರಕ್ಕೆ ಹೊಣೆಯೆಂದು ನವೀನ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2018ರ ಫೆಬ್ರುವರಿಯಲ್ಲಿ ಹೇಳಿದೆ. ನಡುವೆ ವಾಹನ ಮೂರು ಕೈ ಬದಲಾಗಿದ್ದರೂ ಇದು ತಪ್ಪದು. ಮಾರುವವರು ಈ ತೀರ್ಪನ್ನು ಗೋಡೆಗೆ ಅಂಟಿಸಿಕೊಳ್ಳಬೇಕು. ಕೊಳ್ಳುವವರು ವಿಮೆಯ ಪಾಲಿಸಿಯನ್ನೂ 14 ದಿನದಲ್ಲಿ ತಮ್ಮ ಹೆಸರಿಗೆ ಮಾಡಿಸಿಕೊಳ್ಳಬೇಕು. ಮೂರನೆಯವರ ಹಾನಿಯ ವಿಮೆ ತಾನಾಗಿ ವರ್ಗವಾಗುತ್ತದೆಂದು ಕಾಯಿದೆ ಹೇಳಿದರೂ ಸ್ವಂತ ವಾಹನದ ಹಾನಿಗೆ ಅದು ಅನ್ವಯಿಸದು.

ಜಿ.ಎಸ್.ಟಿ.ಯ ಕಡೆಗೂ ಗಮನವಿರಲಿ. ನೋಂದಾಯಿತ ವ್ಯಾಪಾರಿಗೆ ಸರಕು ವಾಹನದ ದುರಸ್ತಿ ಬಿಲ್ಲಿನ ಮೇಲಿನ ತೆರಿಗೆ ಜಮೆಯಾಗಿ ದೊರೆಯುತ್ತದೆ; ಓಡಾಟದ ಕಾರಿನ ದುರಸ್ತಿಗೆ ಸಾಮಾನ್ಯವಾಗಿ ದೊರೆಯುವುದಿಲ್ಲ. 2024ರ ಡಿಸೆಂಬರಿನಲ್ಲಿ ಜೈಸಲ್ಮೇರಿನಲ್ಲಿ ಸೇರಿದ ಜಿ.ಎಸ್.ಟಿ. ಮಂಡಳಿ ಹಳೆಯ ವಾಹನಗಳ ಮಾರಾಟಕ್ಕೆಲ್ಲ ಶೇ. 18ರ ದರ ನಿಗದಿ ಮಾಡಿದಾಗ ನಮ್ಮಲ್ಲಿ ಅನೇಕರು ಗಾಬರಿಯಾದರು. ಈ ತೆರಿಗೆ ಪೂರ್ಣ ಬೆಲೆಯ ಮೇಲಲ್ಲ, ಲಾಭಾಂಶದ ಮೇಲೆ. ಸವಕಳಿ ಪಡೆದ ವ್ಯಾಪಾರಿಗೆ ಮಾರಿದ ಬೆಲೆಯಲ್ಲಿ ಸವಕಳಿ ಕಳೆದುಳಿದ ಬೆಲೆಯನ್ನು ಕಳೆದರೆ ಬರುವುದೇ ಲಾಭಾಂಶ. ಉದಾಹರಣೆಗೆ ಪುಸ್ತಕದಲ್ಲಿ 1,40,000 ಉಳಿದ ವಾಹನವನ್ನು 1,80,000ಕ್ಕೆ ಮಾರಿದರೆ 40,000ಕ್ಕೆ ರೂ. 7,200 ತೆರಿಗೆ; ಮಾರಿದ ಬೆಲೆಯೇ ಕಡಿಮೆಯಾದರೆ ತೆರಿಗೆಯಿಲ್ಲ. ಕೊಳ್ಳುವಾಗ ತೆರಿಗೆ ಜಮೆ ಪಡೆದಿದ್ದವರಿಗೆ ಈ ಸೌಲಭ್ಯವಿಲ್ಲ. ತುಕ್ಕಿನ ವೆಚ್ಚವನ್ನು ಪ್ರಾಮಾಣಿಕವಾಗಿ ಆಸ್ತಿಗೆ ಸೇರಿಸಿದವರ ಪುಸ್ತಕಬೆಲೆ ಅಷ್ಟರಮಟ್ಟಿಗೆ ಹೆಚ್ಚಿದ್ದು, ಮಾರುವ ದಿನ ತೆರಿಗೆ ಅಷ್ಟರಮಟ್ಟಿಗೆ ಕಡಿಮೆಯಾಗುತ್ತದೆ. ಸಿಟ್ಟಾಗಿದ್ದ ನಮ್ಮ ಶಹಾಬಾದಿನ ಗೆಳೆಯರು ಸಮಾಧಾನಗೊಂಡದ್ದು ಈ ಮಾತಿಗೆ.

ಸಂಸ್ಥೆಯ ಪದಾಧಿಕಾರಿಗಳಲ್ಲಿ ನನ್ನದೊಂದು ವಿನಂತಿ. ಹಳೆಯ ವಾಹನಗಳ ವರ್ತಕರು ಆರ್.ಟಿ.ಓ.ದಿಂದ ಅಧಿಕಾರಪತ್ರ ಪಡೆಯಬೇಕೆಂಬ ನಿಯಮ 2022ರ ಡಿಸೆಂಬರಿನಲ್ಲಿ ಪ್ರಕಟವಾಗಿ 2023ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಹೀಗೆ ಅಧಿಕಾರ ಪಡೆದವರು ಯಾರೆಂಬ ಪಟ್ಟಿಯನ್ನು ಈ ಪತ್ರಿಕೆಯಲ್ಲಿ ಕಾಲಕಾಲಕ್ಕೆ ಪ್ರಕಟಿಸಬಹುದು. ಒಂದೇ ಪುಟದ ಸ್ಥಿತಿಪತ್ರದ ಮಾದರಿಯನ್ನು ಸಂಸ್ಥೆಯೇ ಅಚ್ಚು ಹಾಕಿಸಲಿ: ವಾಹನ ಎಲ್ಲಿ ಓಡಿತ್ತು, ನೆರೆಯಲ್ಲಿ ಮುಳುಗಿತ್ತೆ, ಎಲ್ಲಿ ವೆಲ್ಡಿಂಗ್ ಆಗಿದೆ, ತಳಲೇಪನ ಯಾವಾಗ ಬಳಿಸಿದ್ದು ಎಂಬುದನ್ನು ಮಾರುವವರು ಬರೆದು ಸಹಿ ಹಾಕುವಂತಿರಲಿ. ಸಹಿ ಹಾಕಲು ಒಪ್ಪದವರಿಂದ ಸದಸ್ಯರು ಕೊಳ್ಳದಿರಲಿ. ಐದೂ ಊರುಗಳಲ್ಲಿ ಗುಂಡಿಯಿರುವ ಒಂದೊಂದು ಗ್ಯಾರೇಜನ್ನು ಗೊತ್ತುಮಾಡಿ, ನಿಗದಿತ ಶುಲ್ಕಕ್ಕೆ ಕೊಳ್ಳುವ ಮುನ್ನಿನ ತಪಾಸಣೆ ಏರ್ಪಡಿಸುವುದು ಕಷ್ಟವೇನಲ್ಲ. ನಮ್ಮ ವರ್ತಕ ಸದಸ್ಯರಲ್ಲಿ ಕೆಲವರಿಗೆ ಇದು ಹಿಡಿಸದೆಂದು ಬಲ್ಲೆ. ಸ್ವಚ್ಛವಾಗಿ ವ್ಯವಹರಿಸುವವರಿಗೆ ಮಾತ್ರ ಇದರಿಂದ ಒಳ್ಳೆಯ ಬೆಲೆಯೇ ಸಿಗುತ್ತದೆಂಬುದು ನನ್ನ ಅನಿಸಿಕೆ.

ಕಾಲು ಮುರಿದ ಹಮಾಲರು ಏಳು ತಿಂಗಳ ಬಳಿಕ ಕೆಲಸಕ್ಕೆ ಮರಳಿದ್ದಾರೆ. ಭಾರ ಎತ್ತಲಾಗದು, ಘಟಕದಲ್ಲಿ ಲೆಕ್ಕ ಬರೆದುಕೊಳ್ಳುತ್ತಾರೆ. ಆ ಉದ್ಯಮಿ ಕಳೆದ ತಿಂಗಳು ಇನ್ನೊಂದು ವಾಹನ ನೋಡಲು ಹೋಗಿದ್ದಾಗ ಫೋನ್ ಮಾಡಿದ್ದರು. ವಾಹನ ಗುಂಡಿಯ ಮೇಲಿತ್ತು, ಅವರು ಕೆಳಗಿದ್ದರು. ಮುಂಗಡವನ್ನು ಚೆಕ್ಕಿನಲ್ಲಿ ಕೊಡಬೇಕೋ ಆರ್.ಟಿ.ಜಿ.ಎಸ್. ಮಾಡಬೇಕೋ ಎಂದು ಕೇಳಿದರು.